ಕೂಗು ಬರುವ ತನಕ

ದಾವಣಗೆರೆಯ ಆ ಪುಟ್ಟ ಸಭೆಗೆ ತಗಡಿನ ಚಾವಣಿಯ ದೇವಾಲಯವಿತ್ತು, ಹನ್ನೆರಡು ಬೆಂಚುಗಳಿದ್ದವು, ಐದು ಜನ ಹಿರಿಯರಿದ್ದರು, ಐವರ ಎಡಗೈಗೂ ಗಡಿಯಾರಗಳಿದ್ದವು. ಇಲ್ಲದ್ದು ಗಂಟೆ ಒಂದೇ. ಹಾಗಾಗಿ ಆರಾಧನೆಯ ಹೊತ್ತು ಸಾರುವ ಕೆಲಸವನ್ನು ರೈಲು ಹಳಿಯಾಚೆಯ ಹತ್ತಿ ಮಿಲ್ಲು ಪುಕ್ಕಟೆಯಾಗಿ ಮಾಡಿಕೊಂಡು ಬಂದಿತ್ತು. ಮಿಲ್ಲಿನ ಬಾಯ್ಲರಿನ ಮೇಲೊಂದು ಹಿತ್ತಾಳೆಯ ಸಿಳ್ಳು; ಪಾಳಿ ಬದಲಾಗುವಾಗ ಸರಪಳಿ ಜಗ್ಗಿದರೆ ಆವರಗೆರೆಯ ತನಕ ಕೇಳುತ್ತಿತ್ತು. ಊರಿಗೆ ಊರೇ ಅದನ್ನು ಕೂಗು ಎನ್ನುತ್ತಿತ್ತು. ಒಂಬತ್ತರ ಕೂಗಿಗೆ ಆಫೀಸಿನವರು ಮಿಲ್ಲಿಗೆ, ಭಾನುವಾರವಾದರೆ ಕ್ರಿಸ್ತನ ಮಕ್ಕಳು ದೇವಾಲಯಕ್ಕೆ. ಮಿಲ್ಲಿಗೆ ರಜೆ ಸೋಮವಾರವಾದ್ದರಿಂದ ದೇವರಿಗೂ ಮಿಲ್ಲಿಗೂ ತಕರಾರು ಬಂದಿರಲಿಲ್ಲ.

ತಕರಾರು ಬಂದದ್ದು ಹಿರಿಯ ಕುಬೇರಪ್ಪನವರ ಮನಸ್ಸಿಗೆ. ರಾಜ್ಯವೆಲ್ಲ ಒಂದಾದ ಮೂರನೆಯ ವರ್ಷ, ಬೇಸಿಗೆಯಲ್ಲಿ, ಅವರು ಒಂದು ಮದುವೆಗೆ ಹರಿಹರಕ್ಕೆ ಹೋದರು. ಅಲ್ಲಿ ರೋಮನ್ ಕ್ಯಾಥೊಲಿಕರ ದೇವಾಲಯದ ಗಂಟೆ ಬಾರಿಸಿದರು. ಕುಬೇರಪ್ಪನವರು ಊಟವನ್ನು ಪೂರ್ತಿ ಮಾಡಿದರಾದರೂ ಆತ್ಮದಲ್ಲಿ ಕುಗ್ಗಿ ಹಿಂತಿರುಗಿದರು.

"ಹೊಳಿ ಆಚೆಗೂ ಕೇಳ್ತತೆ ಅವರದ್ದು," ಎಂದರು ಕಮಿಟಿಯಲ್ಲಿ. "ನಾವು ನೋಡಿದ್ರೆ ಉಗಿ ಊದಿಸ್ಕೊಂಡು ದೇವ್ರ ಮುಂದೆ ಬರ್ತೀವಿ. ಮರ್ಯಾದಿ ಪ್ರಶ್ನೆ ಇದು."

ಮರ್ಯಾದೆಯ ಪ್ರಶ್ನೆಯಾದ್ದರಿಂದ ಸರಪಳಿ ಪ್ರಾರ್ಥನೆ ನಡೆಸುವುದೆಂದು ತೀರ್ಮಾನವಾಯಿತು. ಮನೆಗೊಬ್ಬರಂತೆ ಸರದಿಯ ಮೇಲೆ ಬಂದು, ಒಬ್ಬರು ಎದ್ದ ಜಾಗದಲ್ಲಿ ಇನ್ನೊಬ್ಬರು ಕೂತು, ನಡುವೆ ಕೊಂಡಿ ಕಳಚದ ಹಾಗೆ ಗಂಟೆಗಾಗಿ ಬೇಡುವುದು. ರಾತ್ರಿ ದೇವರನ್ನು ಎಬ್ಬಿಸುವುದು ಸಭ್ಯತೆಯಲ್ಲವೆಂದು ಬೆಳಗಿನಿಂದ ಸಂಜೆಯವರೆಗೆ ಮಾತ್ರ. ಎಲ್ಲರ ಮನೆಯಲ್ಲೂ ಗಡಿಯಾರವಿಲ್ಲದ್ದರಿಂದ ಕೂಗಿನಿಂದ ಕೂಗಿಗೆ ಒಂದು ಸರದಿ. ದೇವಾಲಯದ ಬೀಗದಕೈ ಸರದಿಯವರ ಕೈಯಲ್ಲಿರಬೇಕು. ಮುಂದಿನವರು ಒಳಗೆ ಬಂದು ಅದನ್ನು ಕೈಯಿಂದ ಕೈಗೆ ತೆಗೆದುಕೊಳ್ಳುವವರೆಗೆ ಜಾಗ ಬಿಡುವಂತಿಲ್ಲ. ಇಷ್ಟನ್ನೂ ಕುಬೇರಪ್ಪನವರು ತಮ್ಮ ದುಂಡು ಅಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸಿದರು. ಗಂಟೆ ಕೊಡುವವನು ದೇವರೇ ಆದರೂ ನಿಯಮ ಬರೆಯುವವರು ಯಾರಾದರೂ ಬೇಕಲ್ಲ.

ಅಂಟಿಸುವಾಗ ಪೊರಕೆ ಹಿಡಿದು ನಿಂತಿದ್ದವಳು ಓಬವ್ವ. ದೇವಾಲಯದ ಕಸ ಗುಡಿಸುವವಳು, ಮಿಲ್ಲಿನ ಲೈನು ಮನೆಯವಳು.

"ನಂದೊಂದು ವಿಷಯ ಐತ್ರಿ. ಅದನ್ನೂ ಸೇರಿಸ್ರಿ."

"ಯಾವುದು, ಹಳೇದಾ?"

"ಹೂಂನ್ರಿ, ಅದೇ."

ಕುಬೇರಪ್ಪನವರು ಅಂಟಿನ ಬೆರಳನ್ನು ಗೋಡೆಗೆ ಒರೆಸಿದರು. "ನೋಡು ಓಬವ್ವ, ಹನ್ನೆರಡು ವರ್ಷ ಆತು. ದೇವ್ರು ಕೇಳಿಸ್ಕೊಂಡಾನೆ. ಆಗಂಗಿಲ್ಲ ಅಂತ ಬಾಯಿಬಿಟ್ಟು ಹೇಳಾಕೆ ನಾಚಿಕಿಯಾಗಿ ಸುಮ್ನೆ ಕೂತಾನೆ. ನಾವಾದ್ರೂ ತಿಳ್ಕೋಬೇಕು."

"ಅಷ್ಟು ನಾಚಿಕಿ ಸ್ವಭಾವ ಇದ್ರೆ ನಿಮ್ಮ ಗಂಟಿ ವಿಷಯ ಹೆಂಗ್ರಿ?"

ಕುಬೇರಪ್ಪನವರು ಪಟ್ಟಿ ನೋಡಿ, ಓಬವ್ವನಿಗೆ ಬುಧವಾರ ಮಧ್ಯಾಹ್ನ ಮೂರರಿಂದ ಐದರ ಕೂಗಿನ ಸರದಿ ಹಾಕಿದರು. ಏಪ್ರಿಲ್ ತಿಂಗಳಲ್ಲಿ ಆ ಹೊತ್ತಿಗೆ ತಗಡಿನ ಕೆಳಗೆ ಕೂರುವುದು ಒಲೆಯೊಳಗೆ ಕೂತ ಹಾಗೆ. ಐದರ ನಂತರದ ತಂಪಿನ ಸರದಿಯನ್ನು ತಮ್ಮ ಹೆಂಡತಿ ಗುರುಶಾಂತಮ್ಮನವರಿಗೆ ಇಟ್ಟಿದ್ದರು.

ಆ ಹಳೆಯ ವಿಷಯದ ಹೆಸರು ಮಾರಣ್ಣ. ಓಬವ್ವನ ಗಂಡ. ಮಿಲ್ಲಿನ ಬಾಯ್ಲರ್ ಮನೆಯಲ್ಲಿ ಕಲ್ಲಿದ್ದಲು ಎತ್ತಿ ಹಾಕುವವನು, ಹೊತ್ತುಹೊತ್ತಿಗೆ ಸರಪಳಿ ಜಗ್ಗಿ ಕೂಗು ಹಾಕುವವನೂ ಅವನೇ. ಹನ್ನೆರಡು ವರ್ಷದ ಹಿಂದೆ ಒಂದು ಭಾನುವಾರ ಒಂಬತ್ತರ ಕೂಗು ಹಾಕಿ, ಪಾಳಿ ಮುಗಿಸಿ, ಹೊತ್ತಾಯಿತೆಂದು ಓಡೋಡಿ ಬಂದು ಮುಂದಿನ ಬೆಂಚಿನಲ್ಲಿ ಕೂತುಬಿಟ್ಟಿದ್ದ. ಪಕ್ಕದಲ್ಲಿ ಗುರುಶಾಂತಮ್ಮನವರು, ಬಿಳಿ ಸೀರೆಯಲ್ಲಿ. ಆರಾಧನೆ ಮುಗಿಯುವಷ್ಟರಲ್ಲಿ ಸೆರಗಿನ ಮೇಲೆ ಮಾರಣ್ಣನ ತೋಳು ಮಸಿಯಲ್ಲಿ ಪೂರ್ತಿ ಮೂಡಿತ್ತು. ಪಾಪಗಳು ಹಿಮದಂತೆ ಬೆಳ್ಳಗಾಗುವ ವಿಷಯವಾಗಿ ಅಂದು ಪ್ರಸಂಗವಿತ್ತು. ಅದನ್ನು ಕೇಳಿ ಹೊರಬಂದ ಹಿರಿಯರು ಮೆಟ್ಟಿಲ ಮೇಲೆ ನಿಂತು, ಇನ್ನು ಮುಂದೆ ಚಪ್ಪಲಿ ಬಿಡುವ ಕಡೆ ಕೂರಬೇಕೆಂದು ಮಾರಣ್ಣನಿಗೆ ಹೇಳಿದರು.

"ಈ ಮಸಿ ಹೋದ ದಿನ ಬರ್ತೀನ್ರಿ," ಎಂದಿದ್ದ ಮಾರಣ್ಣ, ಎರಡೂ ಕೈ ತೋರಿಸಿ. ಬಾಯ್ಲರಿನವನ ಉಗುರಿನ ಸಂದಿಯ ಮಸಿ ಹೋಗುವುದು ಮಣ್ಣಿಗೆ ಹೋದಾಗಲೇ. ಅವತ್ತಿನಿಂದ ಅವನು ಆ ಬದಿಗೆ ಬರಲಿಲ್ಲ. ಆದರೆ ಭಾನುವಾರದ ಒಂಬತ್ತರ ಕೂಗನ್ನು ಒಂದು ದಿನವೂ ತಪ್ಪಿಸಲಿಲ್ಲ. ಎಲ್ಲರನ್ನೂ ಒಳಗೆ ಕರೆದು ತಾನು ಹೊರಗುಳಿದ.

ಓಬವ್ವ ಬೇಡಲು ಶುರುಮಾಡಿದ್ದು ಆಗ. ಸಭಾಪಾಲಕರಾದ ಉಚ್ಚೆಂಗಪ್ಪ ಅಯ್ಯನವರು, ಬೆಟ್ಟದ ದೇವಿಯ ಹೆಸರನ್ನು ಹೊತ್ತುಕೊಂಡೇ ಯೇಸುವಿನ ಸುವಾರ್ತೆ ಸಾರುತ್ತಿದ್ದ ಸಾಧು ಮನುಷ್ಯರು, ವರ್ಷಕ್ಕೊಮ್ಮೆ ಬೇಸರಿಯದೆ ಬೇಡಬೇಕೆಂದು ಪ್ರಸಂಗ ಮಾಡುತ್ತಿದ್ದರು. ಕೇಳಿದವರೆಲ್ಲ ಚೆನ್ನಾಗಿತ್ತು ಎಂದು ಹೇಳಿ ಮನೆಗೆ ಹೋಗುತ್ತಿದ್ದರು. ಓಬವ್ವ ಅದನ್ನು ಮಾಡಿಯೇಬಿಟ್ಟಳು. ಪ್ರಸಂಗಕ್ಕೆ ಇಂಥ ಅಪಾಯವಿದೆಯೆಂದು ಅಯ್ಯನವರಿಗೂ ಗೊತ್ತಿರಲಿಲ್ಲ.

ಬುಧವಾರ ಮೂರರ ಕೂಗು ಆಯಿತು. ಓಬವ್ವ ಬೀಗದಕೈ ತೆಗೆದುಕೊಂಡು ಕೂತಳು. ಕರ್ತವ್ಯವೆಂದು ಮೊದಲು ಗಂಟೆ ಕೇಳಿದಳು. ಹಿತ್ತಾಳೆಯದು, ದೊಡ್ಡದು, ಹೊಳೆಯಾಚೆಗೆ ಕೇಳುವಂಥದು. ಇಷ್ಟಕ್ಕೆ ಒಂದು ಲೋಟ ಹಾಲು ಉಕ್ಕುವಷ್ಟು ಹೊತ್ತು ಸಾಕಾಯಿತು. ಉಳಿದ ಹೊತ್ತೆಲ್ಲ ಮಾರಣ್ಣನದು.

ಐದಾಯಿತು. ಬಿಸಿಲು ಕಿಟಕಿಯಿಂದ ಇಳಿದು ಮೂರನೆಯ ಬೆಂಚಿಗೆ ಬಂತು. ಕೂಗು ಬರಲಿಲ್ಲ.

ಕೂಗಿನ ಬದಲು ಬಂದವನು ಎದುರಿನ ಮಂಡಕ್ಕಿ ಅಂಗಡಿಯ ಹಯಾತ್ ಸಾಬ್. ಕಿಟಕಿಯ ಸರಳು ಹಿಡಿದು ಹೇಳಿದ, "ಓಬವ್ವಾ, ಮಿಲ್ಲು ಬಂದ್ ಆಗೇತೆ. ಮೇಸ್ತ್ರಿ ಯಾರ್ಗೋ ಕಪಾಳಕ್ಕೆ ಹೊಡೆದ್ನಂತೆ, ಎಲ್ರೂ ಕೆಲಸ ಬಿಟ್ಟು ಹೊರಗ ಬಂದಾರೆ. ಬಾಯ್ಲರೂ ಆರಿಸಿದ್ರಂತೆ. ನಿನ್ ಗಂಡ ನನ್ ಅಂಗಡ್ಯಾಗ ಕುಂತಾನೆ. ಮನಿಗೆ ಹೋಗಾಣ ಬಾ ಅಂತಾನೆ."

"ಇಲ್ಲಿಗೇ ಬಂದು ಹೇಳ್ಬೇಕಂತೆ ಅನ್ನು."

ಹಯಾತ್ ಸಾಬ್ ರಸ್ತೆ ದಾಟಿ ಹೋದ, ಹೇಳಿದ, ದಾಟಿ ಬಂದ. "ಆ ಕಡಿಗೆ ಬರಂಗಿಲ್ಲಂತೆ. ನಂಗ್ಯಾಕ ಈ ಓಡಾಟ? ನಮಗಾದ್ರೆ ದಿನಕ್ಕೆ ಐದು ಸಲ, ಮುಗೀತು, ಚಾದರ ಝಾಡಿಸಿ ಏಳ್ತೀವಿ. ನಿಮ್ಮದಕ್ಕೆ ಹದ್ದೇ ಇಲ್ಲೇನು?"

"ಕೂಗು ಬಂದ್ರೆ ಏಳ್ತೀನಿ, ಅಣ್ಣಾ."

ಆ ಹೊತ್ತಿಗೆ ಅವಳು ಹೇಳಿದ್ದು ನಿಜವಾಗಿಯೂ ಅಷ್ಟನ್ನೇ. ಬಾಗಿಲಿಗೆ ಅಂಟಿಸಿದ್ದರಲ್ಲಿ ಹಾಗಿತ್ತು. ಕತ್ತಲಾದ ಮೇಲೆ ದೇವರಿಗೆ ರಜೆ ಕೊಟ್ಟು, ಬೀಗದಕೈಯನ್ನು ಸೆರಗಿಗೆ ಗಂಟು ಹಾಕಿ, ಅಲ್ಲೇ ಚಾಪೆಯ ಮೇಲೆ ಮಲಗಿದಳು.

ಗುರುವಾರ ಬೆಳಗ್ಗೆ ಕುಬೇರಪ್ಪನವರು ಬಂದರು. ಬಾಗಿಲಲ್ಲಿ ನಿಂತು ತಾವೇ ಬರೆದದ್ದನ್ನು ಒಮ್ಮೆ ಮೆಚ್ಚುಗೆಯಿಂದ ಓದಿದರು.

"ಅಮ್ಮಾವ್ರು ನಿನ್ನೆ ಸಂಜಿಗೆ ಬರ್ಬೇಕಿತ್ತಲ್ರಿ," ಎಂದಳು ಓಬವ್ವ.

"ಸೀರಿ ಉಟ್ಕೊಂಡು ತಯಾರಾಗೇ ಕುಂತಿದ್ಲು. ಕೂಗೇ ಆಗ್ಲಿಲ್ಲಲ್ಲ. ಕೂಗಿಲ್ದೆ ಸರದಿ ಬಂತು ಅಂತ ಹೆಂಗೆ ತಿಳೀಬೇಕು? ಇವತ್ತು ಒಂದು ಬಿಟ್ರೆ ನಾಳೆ ಇನ್ನೊಂದು. ನಿಯಮ ಅಂದ್ಮ್ಯಾಲೆ ನಿಯಮ." ಆಮೇಲೆ ಕೈಗಡಿಯಾರ ನೋಡಿದರು. "ಅಯ್ಯೋ, ಒಂಬತ್ತೂವರಿ ಆತು, ತಾಲೂಕು ಆಫೀಸಿಗೆ ಹೊತ್ತಾತು. ದೇವ್ರು ನಿಂಗೆ ಬಲ ಕೊಡ್ಲಿ."

ಹಾಗೆ ಸಭೆಯ ಇಪ್ಪತ್ತೆರಡು ಮನೆಗಳವರೂ ತಂತಮ್ಮ ಮನೆಯಲ್ಲಿ ಕಿವಿಗೊಟ್ಟು ಕೂಗಿಗಾಗಿ ಕಾದರು. ಅಷ್ಟು ಶ್ರದ್ಧೆಯಿಂದ ಆ ಸಭೆ ಯಾವುದಕ್ಕೂ ಕಾದದ್ದಿಲ್ಲ. ಗಂಟೆಗಾಗಿ ಬೇಡುವ ಭಾರ ಕಸ ಗುಡಿಸುವವಳ ಮೇಲೆ ಬಿತ್ತು. ಅದೇನೂ ಹೊಸದಲ್ಲವಾದ್ದರಿಂದ ಯಾರಿಗೂ ವಿಚಿತ್ರವೆನಿಸಲಿಲ್ಲ.

ಅಂದು ಮಧ್ಯಾಹ್ನ ಮಾರಣ್ಣ ರಸ್ತೆ ದಾಟಿದ. ಕಾಂಪೌಂಡಿನ ಗೇಟಿನಾಚೆ ನಿಂತು, ಮುಖವನ್ನು ಬೇರೆ ಕಡೆ ತಿರುಗಿಸಿ, ದಾರಿಹೋಕನ ಹಾಗೆ ಮಾತಾಡಿದ.

"ಮುದ್ದಿ ಗಂಟು ಗಂಟು ಆಗೇತೆ. ನಾ ಮಾಡಿದ್ದು. ನಾಯಿನೂ ಮೂಸ್ಲಿಲ್ಲ."

"ನೀರು ಕುದಿಯೋಕ ಮೊದ್ಲೇ ಹಿಟ್ಟು ಹಾಕೀರಿ," ಎಂದಳು ಓಬವ್ವ ಕಿಟಕಿಯಿಂದ.

"ಎಷ್ಟೊತ್ತಿಗೆ ಏಳ್ತಿ?"

"ಕೂಗು ಬಂದ್ರೆ."

"ಕೂಗು ಹಾಕೋನು ಇಲ್ಲೇ ನಿಂತೀನಲ್ಲೇ. ಸಂಪು ಮುಗಿಯೋ ತನಕ ಸರಪಳಿ ಮುಟ್ಟಂಗಿಲ್ಲ. ಮುಟ್ಟಿದ್ರೆ ಊರು ನನ್ನ ಬಿಡಂಗಿಲ್ಲ."

"ಮುಟ್ಟಬ್ಯಾಡ್ರಿ. ನಾನೂ ಮುಟ್ಟು ಅನ್ನಂಗಿಲ್ಲ."

ಅವನು ಹೋದ ಮೇಲೆ ಓಬವ್ವ ಸುಮಾರು ಹೊತ್ತು ಕಣ್ಣು ತೆರೆದುಕೊಂಡೇ ಕೂತಿದ್ದಳು. ಗಡಿಯಾರ ನೋಡಲು ಅವಳಿಗೆ ಬರುತ್ತಿರಲಿಲ್ಲ, ಆದರೆ ಅಂಗಳ ಅಳೆಯಲು ಬರುತ್ತಿತ್ತು. ನಿನ್ನೆ ರಸ್ತೆಯಾಚೆ ಇದ್ದವನು ಇವತ್ತು ಗೇಟಿನ ತನಕ ಬಂದಿದ್ದ. ಹನ್ನೆರಡು ವರ್ಷದಲ್ಲಿ ಆಗದ ಇಪ್ಪತ್ತು ಹೆಜ್ಜೆ ಒಂದೇ ದಿನಕ್ಕೆ ಆಗಿತ್ತು. ಇನ್ನು ಅವಳು ಏಳುವಂತಿರಲಿಲ್ಲ. ಬಾಗಿಲಿಗೆ ಅಂಟಿಸಿದ ಕಾಗದಕ್ಕಾಗಿ ಅಲ್ಲ.

ಜೊತೆಗೇ ಹೆದರಿಕೆಯೂ ಆಯಿತು. ತನ್ನೊಬ್ಬಳ ಸಲುವಾಗಿ ದೇವರು ಎರಡು ಸಾವಿರ ಜನದ ಮಿಲ್ಲನ್ನೇ ನಿಲ್ಲಿಸಿದನೇನೋ. ಅಷ್ಟು ದೊಡ್ಡದಾಗಿ ತಾನು ಕೇಳಿರಲಿಲ್ಲ. "ತಂದೇ," ಎಂದಳು ಮೆಲ್ಲಗೆ, "ಕಪಾಳಕ್ಕೆ ಹೊಡಿಸ್ಕೊಂಡೋನಿಗೂ ನ್ಯಾಯ ಆಗ್ಲಿ. ಮಂದಿ ಒಲಿ ಆರಬಾರ್ದು. ಆದ್ರೆ ಬರೋನು ಬರ್ತಾ ಅದಾನೆ. ಸ್ವಲ್ಪ ತಡಿ." ದೇವರಿಗೆ ಹೀಗೆ ಬೇಗ ಬೇಡ, ಸ್ವಲ್ಪ ತಡೆ ಎಂದು ಹೇಳಿದ್ದು ಅವಳ ಜನ್ಮದಲ್ಲಿ ಅದೇ ಮೊದಲು. ಇಷ್ಟು ವರ್ಷವೂ ಆತ ತಡೆದೇ ಇದ್ದ.

ಶುಕ್ರವಾರ ಮಾರಣ್ಣ ಬೆಳಗಿನ ರೈಲಿಗೆ ಹರಿಹರಕ್ಕೆ ಹೋದ. ಅಯ್ಯನವರ ಮನೆ ಅಲ್ಲಿತ್ತು. ಮೂರು ಊರಿನ ಸಭೆಗಳನ್ನು ನೋಡಿಕೊಳ್ಳುತ್ತಿದ್ದ ಅವರು ದಾವಣಗೆರೆಗೆ ಭಾನುವಾರಕ್ಕೊಮ್ಮೆ ಬರುತ್ತಿದ್ದರು. ಮಧ್ಯಾಹ್ನ ಹಿಂತಿರುಗಿದ ಮಾರಣ್ಣ ಗೇಟನ್ನು ದಾಟಿ, ಅಂಗಳ ದಾಟಿ, ಮೆಟ್ಟಿಲ ಮೇಲೆ ಕೂತ. ಬೆನ್ನು ಒಳಗಡೆಗೆ, ಮುಖ ಹೊರಗಡೆಗೆ. ಕೂತದ್ದು ಅವತ್ತು ಹಿರಿಯರು ನಿಂತಿದ್ದ ಮೆಟ್ಟಿಲ ಮೇಲೆಯೇ.

"ಏನಂದ್ರು ಅಯ್ಯನೋರು?"

"ಹೊಳಿ ದಂಡಿಗೆ ಕರ್ಕೊಂಡು ಹೋದ್ರು. ನೀರು ಕಮ್ಮಿ ಆಗೇತೆ, ಆದ್ರೂ ಹರೀತಾ ಐತೆ ನೋಡು ಮಾರಣ್ಣ ಅಂದ್ರು. ಹೌದ್ರಿ ಅಂದೆ. ಅವಳ್ನ ಎಬ್ಬಿಸ್ರಿ ಅಂದೆ. ಪ್ರಾರ್ಥನಿಯೊಳಗೆ ಇರೋರ್ನ ಎಬ್ಸಾಕೆ ನಂಗೆ ಅಧಿಕಾರ ಇಲ್ಲ ಅಂದ್ರು. ಮಂದಿನ ಎಬ್ಬಿಸಾಕೆ ಅಧಿಕಾರ ಇಲ್ಲ, ಮಲಗಿಸಾಕೆ ಐತೆ, ಭಾನುವಾರ ಭಾನುವಾರ ಮಲಗಿಸ್ತೀರಲ್ಲ ಅಂದೆ."

"ಹಂಗಂದ್ರಾ ನೀವು?"

"ಅಂದೆ. ನಕ್ರು. ಒಳ್ಳೇ ಮನುಷ್ಯ. ಚೀಟಿ ಬರ್ಕೊಟ್ರು."

ಚೀಟಿಯಲ್ಲಿ, ಕೂಗು ಇಲ್ಲದಿದ್ದರೂ ಸಭೆಯವರು ಯಾರಾದರೂ ಪ್ರೀತಿಯಿಂದ ಬಂದು ಓಬವ್ವನ ಕೈಯಿಂದ ಬೀಗದಕೈ ತೆಗೆದುಕೊಳ್ಳಬಹುದೆಂದು ಬರೆದಿತ್ತು. ಮಾರಣ್ಣ ಅದನ್ನು ಆಗಲೇ ಕುಬೇರಪ್ಪನವರಿಗೆ ತೋರಿಸಿ ಬಂದಿದ್ದ. ಕುಬೇರಪ್ಪನವರು ಕನ್ನಡಕ ಹಾಕಿ ಎರಡು ಸಲ ಓದಿದರಂತೆ. 'ಬಹುದು' ಅಂತ ಐತೆ, 'ಬೇಕು' ಅಂತ ಇಲ್ಲವಲ್ಲ ಎಂದರಂತೆ. ಒಳಗಿನಿಂದ ಗುರುಶಾಂತಮ್ಮನವರು, ಪ್ರೀತಿಯಿಂದ ಎಂದು ಬೇರೆ ಬರೆದಿದ್ದಾರೆ, ಅದನ್ನು ಕಮಿಟಿಯಲ್ಲಿ ಇಡಬೇಕಾಗುತ್ತದೆ ಎಂದರಂತೆ.

"ಇಂಥೋರ ಜೊತೆ ಕುಂತು ಏನು ಬೇಡ್ತೀಯೇ ನೀನು?"

"ಅವ್ರ ಜೊತಿ ಎಲ್ಲಿ ಕುಂತೀನಿ? ಒಬ್ಬಾಕಿನೇ ಅದೀನಲ್ಲ."

ಮಾರಣ್ಣ ಹಯಾತ್ ಸಾಬ್ ಕಳಿಸಿದ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಪೊಟ್ಟಣವನ್ನು ಹಿಂದಕ್ಕೆ ನೋಡದೆ ಹೊಸ್ತಿಲ ಒಳಗೆ ತಳ್ಳಿದ. ಅವನ ಬೆರಳಿನ ತುದಿ ಒಳಗೆ ಬಂದು ಹೋದದ್ದನ್ನು ಓಬವ್ವ ನೋಡಿದಳು. ಆದರೆ ಮೂರು ದಿನದ ತಗಡಿನ ಕಾವು ಅವಳನ್ನು ಹಿಂಡಿತ್ತು. ಮೆಣಸಿನಕಾಯಿ ಬಾಯಿಗಿಟ್ಟವಳಿಗೆ ನುಂಗಲಾಗಲಿಲ್ಲ.

ಶನಿವಾರ ಮಧ್ಯಾಹ್ನ ಮಾರಣ್ಣ ಬರುವ ಹೊತ್ತಿಗೆ ಅವಳು ಮುಂದಿನ ಬೆಂಚಿಗೆ ತಲೆ ಆನಿಸಿ ಕೂತಿದ್ದಳು. ಅವನು ಹೊಸ್ತಿಲ ಹೊರಗೆ ನಿಂತು ಎರಡು ಸಲ ಕರೆದ. ಮೂರನೆಯ ಸಲಕ್ಕೆ ಕಣ್ಣು ಬಿಟ್ಟಳು.

"ನಿನ್ ಮುಖ ನೋಡ್ಕೊಂಡೀಯೇನು? ಸುಟ್ಟ ಬದನಿಕಾಯಿ ಆಗೇತೆ. ಆ ಕೀಲಿ ಇಲ್ಲಿ ಒಗಿ. ನಾ ಹಿಡ್ಕೊಂಡು ಕುಂತಿರ್ತೀನಿ. ನೀ ಮನಿಗೆ ಹೋಗಿ ಉಂಡು ಮಲಗು."

"ಒಗಿಯಂಗಿಲ್ಲ. ಒಳಗ ಬಂದು ಕೈಯಾಗ ತಗಬೇಕು. ಬಾಗಿಲಿಗೆ ಬರ್ದಾರೆ."

"ನಾ ಬರಂಗಿಲ್ಲ ಅಂತ ನಿಂಗೆ ಗೊತ್ತೈತೆ."

"ಮಸಿ ಹೋದ ದಿನ ಬರ್ತೀನಿ ಅಂದಿದ್ರಿ."

"ಅಂದಿದ್ದೆ."

"ಕೈ ನೋಡ್ಕೋರಿ."

ಮಾರಣ್ಣ ನೋಡಿಕೊಂಡ. ಮಿಲ್ಲು ನಿಂತು ಮೂರು ದಿನವಾಗಿತ್ತು. ಕೆಲಸವಿಲ್ಲದವನು ದಿನಕ್ಕೆ ಎರಡು ಸಲ ಬಾವಿಯ ಹತ್ತಿರ ಕೂತು ಮೈ ಉಜ್ಜಿಕೊಂಡಿದ್ದ, ಗಂಟು ಮುದ್ದೆಯ ಪಾತ್ರೆಗಳನ್ನು ಬೂದಿ ಹಾಕಿ ತಿಕ್ಕಿದ್ದ. ಉಗುರಿನ ಸಂದಿ ಬೆಳ್ಳಗಿತ್ತು. ಇಪ್ಪತ್ತು ವರ್ಷದಲ್ಲಿ ಕಾಣದ ತನ್ನದೇ ಕೈಯನ್ನು ಅವನು ಮುಂದೆ ಹಿಂದೆ ತಿರುಗಿಸಿ, ಯಾರದೋ ಕೈಯನ್ನು ನೋಡುವ ಹಾಗೆ ನೋಡಿದ.

"ಇದಕ್ಕಾ ನೀ ಕುಂತಿದ್ದು?"

"ನಂಗೇನ್ ಗೊತ್ತಿತ್ತು. ನಾ ಸುಮ್ನೆ ಕುಂತಿದ್ದೆ."

ಅವನು ಚಪ್ಪಲಿ ಬಿಟ್ಟ. ಬಿಟ್ಟ ಮೇಲೂ ತುಸು ನಿಂತ. ಆಮೇಲೆ ಹೊಸ್ತಿಲು ದಾಟಿ, ಬೆಂಚುಗಳ ನಡುವೆ ನಡೆದು ಬಂದು, ಕೈಚಾಚಿ ಬೀಗದಕೈ ತೆಗೆದುಕೊಂಡ. ಚಪ್ಪಲಿ ಬಿಡುವ ಕಡೆ ಕೂರಲಿಲ್ಲ. ಮುಂದಿನ ಬೆಂಚಿನಲ್ಲಿ ಕೂತ. ಕೂತು, ಬಾಯ್ಲರಿನ ಕಾವು ನೋಡುವವನ ಹಾಗೆ ತಲೆಯೆತ್ತಿ ಚಾವಣಿ ನೋಡಿದ.

"ಏನಂತ ಕೇಳ್ಬೇಕು? ನಂಗೆ ಮರೆತೋಗೇತೆ."

"ಗಂಟಿ ಕೇಳ್ಬೇಕು. ಹಿತ್ತಾಳಿದು, ದೊಡ್ಡದು. ಹೊಳಿ ಆಚೆ ಕೇಳ್ಬೇಕಂತೆ."

"ಅದಾ? ಕೇಳ್ತೀನಿ. ನಿಂದೇನಾರ ಐತಾ?"

"ನಂದು ಮುಗೀತು," ಎಂದಳು ಓಬವ್ವ. ಗೋಡೆ ಹಿಡಿದು ಎದ್ದು, ಮೆಟ್ಟಿಲು ಇಳಿದು, ಮನೆಗೆ ಹೋಗಿ, ಗಂಟು ಮುದ್ದೆಯನ್ನೇ ಮಜ್ಜಿಗೆಯಲ್ಲಿ ಕಿವುಚಿ ಉಂಡಳು.

ಮಾರನೆಯ ದಿನ ಭಾನುವಾರ. ಮಿಲ್ಲು ಇನ್ನೂ ತೆರೆದಿರಲಿಲ್ಲ, ಕೂಗು ಆಗಲಿಲ್ಲ. ಆದರೂ ಒಂಬತ್ತಕ್ಕೆ ಸರಿಯಾಗಿ ಇಪ್ಪತ್ತೆರಡು ಮನೆಗಳವರೂ ಬಂದರು. ಕೂಗಿಲ್ಲದೆ ಸರದಿ ಬಂದದ್ದು ತಿಳಿಯದವರಿಗೆ ಕೂಗಿಲ್ಲದೆ ಆರಾಧನೆಯ ಹೊತ್ತು ಹೇಗೆ ತಿಳಿಯಿತೆಂದು ಯಾರೂ ಯಾರನ್ನೂ ಕೇಳಲಿಲ್ಲ. ದೇವರ ಮನೆಯಲ್ಲಿ ಅಂಥ ಪ್ರಶ್ನೆಗಳನ್ನು ಕೇಳಬಾರದು.

ಮುಂದಿನ ಬೆಂಚಿನಲ್ಲಿ ಮಾರಣ್ಣ ಕೂತಿದ್ದ. ಕುಬೇರಪ್ಪನವರು ಬೀಗದಕೈಗೆ ಕೈಚಾಚಿದರು.

"ಕೊಡಂಗಿಲ್ರಿ. ನನ್ನ ಮುಂದಿನ ಸರದಿ ಅಮ್ಮಾವ್ರದು. ಬಾಗಿಲಿಗೆ ಬರ್ದೀರಿ."

ಉಚ್ಚೆಂಗಪ್ಪ ಅಯ್ಯನವರು ಪೀಠದ ಬಳಿ ನಿಂತು, ಹರಿಹರದಲ್ಲಿ ಹೊಳೆ ನೋಡುವ ಹಾಗೆಯೇ ಇದನ್ನೂ ನೋಡುತ್ತಿದ್ದರು. ಗುರುಶಾಂತಮ್ಮನವರು ಎದ್ದು ಬಂದು ಎರಡು ಬೆರಳಿನಲ್ಲಿ ಬೀಗದಕೈ ತೆಗೆದುಕೊಂಡರು. ತೆಗೆದುಕೊಂಡು ಬೆರಳು ನೋಡಿಕೊಂಡರು. ಏನೂ ಅಂಟಿರಲಿಲ್ಲ. ಅದರಿಂದ ಅವರಿಗೆ ತುಸು ನಿರಾಶೆಯಾದಂತೆಯೂ ಕಂಡಿತು.

ಆ ವಾರದ ಕಮಿಟಿಯ ಪುಸ್ತಕದಲ್ಲಿ ಕುಬೇರಪ್ಪನವರು ದುಂಡಾಗಿ ಬರೆದರು: ಸರಪಳಿ ಪ್ರಾರ್ಥನೆ ಎಲ್ಲರ ಸಹಕಾರದಿಂದ ಕೊಂಡಿ ಕಳಚದೆ ಯಶಸ್ವಿಯಾಗಿ ನಡೆಯಿತು. ಗಂಟೆಯ ವಿಷಯವಾಗಿ ಉತ್ತರ ಬಂದಿಲ್ಲ. ಪಟ್ಟಿಯಲ್ಲಿ ಬೇರೆ ವಿಷಯ ಇರಲಿಲ್ಲವಾದ್ದರಿಂದ ಬೇರೆ ಉತ್ತರ ಬಂದದ್ದನ್ನು ಬರೆಯಲಿಲ್ಲ.

ಮಂಗಳವಾರ ಮೇಸ್ತ್ರಿ ಎಲ್ಲರೆದುರು ತಪ್ಪೊಪ್ಪಿಕೊಂಡ, ಬಾಯ್ಲರ್ ಹೊತ್ತಿತು, ಕೂಗು ಬಂತು. ಮರುಭಾನುವಾರ ಒಂಬತ್ತರ ಕೂಗು ಹಾಕಿದ ಮಾರಣ್ಣ ಬರುತ್ತಾನೋ ಇಲ್ಲವೋ ಎಂದು ಓಬವ್ವ ಕಿಟಕಿಯ ಬಳಿ ಪೊರಕೆ ಹಿಡಿದೇ ನಿಂತಿದ್ದಳು. ಮೊದಲ ಕೀರ್ತನೆ ಮುಗಿಯುವಾಗ ಅವನು ಬಂದ. ಮುಖ ತೊಳೆದಿದ್ದ, ಕೈ ತೊಳೆದಿದ್ದ. ಉಗುರಿನ ಸಂದಿಗೆ ಮಸಿ ವಾಪಸು ಬಂದಿತ್ತು. ಬಾಗಿಲಲ್ಲಿ ತನ್ನ ಕೈಯನ್ನೊಮ್ಮೆ ನೋಡಿಕೊಂಡ. ಆಮೇಲೆ ನೆಟ್ಟಗೆ ನಡೆದು ಹೋಗಿ ಮುಂದಿನ ಬೆಂಚಿನಲ್ಲಿ ಕೂತ, ಗುರುಶಾಂತಮ್ಮನವರ ಪಕ್ಕಕ್ಕೇ.

ಗುರುಶಾಂತಮ್ಮನವರು ಸೆರಗನ್ನು ಮಡಿಲಿಗೆ ಎಳೆದುಕೊಂಡು ಪಕ್ಕಕ್ಕೆ ಸರಿದರು. ಏಳಲಿಲ್ಲ. ಸರಿದದ್ದು ಅರ್ಧ ಗೇಣು.

ಅಯ್ಯನವರು ಪ್ರಾರ್ಥಿಸೋಣ ಎಂದರು. ಓಬವ್ವ ಪೊರಕೆಯನ್ನು ಮೂಲೆಗಿಟ್ಟು, ತಲೆಯ ಮೇಲೆ ಸೆರಗು ಹೊದ್ದು, ಕಣ್ಣು ಮುಚ್ಚುವ ಮೊದಲು ಆ ಅರ್ಧ ಗೇಣನ್ನು ಇನ್ನೊಮ್ಮೆ ಅಳೆದಳು. ಹನ್ನೆರಡು ವರ್ಷ ಬೇಕಾಗಲಿಕ್ಕಿಲ್ಲ ಎಂದುಕೊಂಡು, ಆ ವಿಷಯವನ್ನು ಶುರುಮಾಡಿದಳು.